ಬಾಯಿ ಹೇಳಿದ್ದನ್ನು ಕೇಳು, ಕೈ ಮಾಡಿದ್ದನ್ನೂ ನೋಡು

ಮಗೂ, ನಿನ್ನ ಬುದ್ಧಿಗೆ ಏನೂ ಕಮ್ಮಿಯಿಲ್ಲ. ಓದುತ್ತೀಯ, ಪ್ರಶ್ನೆ ಕೇಳುತ್ತೀಯ, ಸಂಬಳ ಬಂದ ದಿನವೇ ಒಂದಷ್ಟು ಎತ್ತಿಡುವ ಅಭ್ಯಾಸವನ್ನೂ ಮಾಡಿಕೊಂಡಿದ್ದೀಯ. ಆದರೆ ಆತುರ ಜಾಸ್ತಿ. ಮೊಬೈಲಿನಲ್ಲಿ ‘ಗ್ರಾಹಕರ ವಿಶ್ವಾಸ ಕುಸಿತ’ ಎಂಬ ಸುದ್ದಿ ಕಂಡರೆ ಸಾಕು, ನಾಳೆಯೇ ಕೆಲಸ ಹೋಗುತ್ತದೆ ಎಂಬಂತೆ ಮುಖ ಬಾಡಿಸಿಕೊಳ್ಳುತ್ತೀಯ. ಎರಡು ತಿಂಗಳು ಬಿಟ್ಟು ‘ವಿಶ್ವಾಸ ಚೇತರಿಕೆ’ ಎಂದು ಬಂದರೆ ಅದೇ ನೀನು ಕಾರಿನ ಷೋರೂಮಿಗೆ ಫೋನ್ ಮಾಡುತ್ತೀಯ. ತಲೆಬರಹದ ಕೆಳಗಿನ ನಾಲ್ಕು ಸಾಲು ಓದುವಷ್ಟು ತಾಳ್ಮೆ ಇದ್ದಿದ್ದರೆ ಆ ಬಾಡುವುದೂ ಬೇಕಿರಲಿಲ್ಲ, ಈ ಹಾರುವುದೂ ಬೇಕಿರಲಿಲ್ಲ. ಬಾ, ಕೂತುಕೋ. ಇದರ ಒಳಗೇನಿದೆ ಅಂತ ಬಿಡಿಸಿ ಹೇಳುತ್ತೇನೆ.

ತಿಪಟೂರಿನಲ್ಲಿ ದಿನಸಿ ಅಂಗಡಿ ಇಟ್ಟು ಬಾಳಿದವನು ನಾನು. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೆ ಊರಿನ ಮನಸ್ಸು ತಿಳಿಯದೆ ಇರುವುದಿಲ್ಲ. ರಿಸರ್ವ್ ಬ್ಯಾಂಕಿನವರು ಪ್ರಶ್ನೆ ಹಿಡಿದು ತಿಳಿಯುವುದನ್ನು ನಾವು ತಕ್ಕಡಿ ಹಿಡಿದು ತಿಳಿಯುತ್ತಿದ್ದೆವು. ಹಾಗಾಗಿ ಅವರ ಗ್ರಾಹಕ ವಿಶ್ವಾಸ ಸಮೀಕ್ಷೆಯ ಮೇಲೆ ನನಗೆ ಗೌರವವೂ ಇದೆ, ಅದನ್ನು ಎಲ್ಲಿಯವರೆಗೆ ನಂಬಬೇಕು ಎಂಬ ಅಂದಾಜೂ ಇದೆ.

ಮೊದಲು ಅದು ಏನು ಅಂತ ತಿಳಿದುಕೋ. ರಿಸರ್ವ್ ಬ್ಯಾಂಕ್ ಈ ಸಮೀಕ್ಷೆಯನ್ನು 2010ರಿಂದ ನಡೆಸುತ್ತಿದೆ. ಶುರುವಿನಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಿದ್ದವು. ಆಮೇಲೆ 13 ಆದವು, ಈಗ 19. ಎರಡು ತಿಂಗಳಿಗೊಮ್ಮೆ ಸುಮಾರು 6,000 ಜನರನ್ನು ಮಾತಾಡಿಸುತ್ತಾರೆ. ಕೇಳುವುದು ಐದು ಸಂಗತಿ: ದೇಶದ ಒಟ್ಟು ಆರ್ಥಿಕ ಪರಿಸ್ಥಿತಿ, ಉದ್ಯೋಗ, ಬೆಲೆ, ಮನೆಯ ಆದಾಯ, ಮನೆಯ ಖರ್ಚು. ಒಂದೊಂದನ್ನೂ ಎರಡು ಸಲ ಕೇಳುತ್ತಾರೆ. ಹೋದ ವರ್ಷಕ್ಕೆ ಹೋಲಿಸಿದರೆ ಈಗ ಹೇಗಿದೆ? ಇನ್ನೊಂದು ವರ್ಷಕ್ಕೆ ಹೇಗಾದೀತು? ಮೊದಲನೆಯದರಿಂದ ಸದ್ಯದ ಸೂಚ್ಯಂಕ, ಎರಡನೆಯದರಿಂದ ಮುಂದಿನ ನಿರೀಕ್ಷೆಯ ಸೂಚ್ಯಂಕ. ಬಡ್ಡಿದರದ ತೀರ್ಮಾನ ಪ್ರಕಟವಾಗುವ ಹೊತ್ತಿಗೆ ಇದರ ವರದಿಯೂ ಹೊರಬರುತ್ತದೆ.

ಲೆಕ್ಕ ಸುಲಭ. ನೂರು ಜನರಲ್ಲಿ 30 ಮಂದಿ ‘ಉದ್ಯೋಗದ ಸ್ಥಿತಿ ಸುಧಾರಿಸಿದೆ’ ಎಂದರು, 25 ಮಂದಿ ‘ಹಾಗೇ ಇದೆ’ ಎಂದರು, 45 ಮಂದಿ ‘ಕೆಟ್ಟಿದೆ’ ಎಂದರು ಅಂತಿಟ್ಟುಕೋ. ಮೂವತ್ತರಲ್ಲಿ ನಲವತ್ತೈದು ಕಳೆ. ಮೈನಸ್ 15. ಹೀಗೆ ಐದಕ್ಕೂ ಲೆಕ್ಕ ಹಾಕಿ, ಸರಾಸರಿ ತೆಗೆದು, ಅದಕ್ಕೆ 100 ಕೂಡಿಸಿದರೆ ಸೂಚ್ಯಂಕ ಸಿಕ್ಕಿತು. ನೂರರ ಮೇಲಿದ್ದರೆ ಒಳ್ಳೆಯದಾಗಿದೆ ಎಂದವರ ಕೈ ಮೇಲು, ಕೆಳಗಿದ್ದರೆ ಕೆಟ್ಟಿದೆ ಎಂದವರ ಕೈ ಮೇಲು. ಸೂಚ್ಯಂಕ 95 ಎಂದರೆ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೈದು ಬಂದ ಹಾಗಲ್ಲ. ಮೊನ್ನೆ ಹಾಗೆ ತಿಳಿದು ನಿನ್ನ ಚಿಕ್ಕಪ್ಪನ ಜೊತೆ ಜಗಳಕ್ಕೇ ಇಳಿದಿದ್ದೆಯಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಈ ಐದು ಪ್ರಶ್ನೆಗಳೊಳಗೆ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಕೇಳು. ಬೆಲೆ ಏರಿದೆಯೇ ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ಸಾಮಾನ್ಯವಾಗಿ ಹೌದೆನ್ನುತ್ತಾರೆ. ಟೊಮೇಟೊ ಕಿಲೋಗೆ ನೂರಾದದ್ದು ಎಲ್ಲರಿಗೂ ನೆನಪಿರುತ್ತದೆ. ಅದೇ ಟೊಮೇಟೊ ಇಪ್ಪತ್ತಕ್ಕೆ ಇಳಿದದ್ದನ್ನು ಯಾರೂ ನೆನೆಯುವುದಿಲ್ಲ. ಹಾಗಾಗಿ ಬೆಲೆಯ ಕಾಲಂ ಸದಾ ಮೈನಸ್ಸಿನಲ್ಲೇ ಇರುತ್ತದೆ. ಖರ್ಚಿನದು ಇದಕ್ಕೆ ತದ್ವಿರುದ್ಧ. ಖರ್ಚು ಹೆಚ್ಚಾಗಿದೆ ಎಂದವರನ್ನು ಸೂಚ್ಯಂಕ ಒಳ್ಳೆಯ ಕಡೆಗೆ ಎಣಿಸುತ್ತದೆ, ಕೈ ಬಿಚ್ಚುವ ಧೈರ್ಯ ಬಂದಿದೆ ಎಂಬ ತರ್ಕದ ಮೇಲೆ. ಆದರೆ ಎಣ್ಣೆ, ಬೇಳೆ, ಸ್ಕೂಲ್ ಫೀಸು, ಔಷಧಿ ತುಟ್ಟಿಯಾಗಿ ಜೇಬು ಖಾಲಿಯಾದವನೂ ‘ಖರ್ಚು ಹೆಚ್ಚಾಗಿದೆ’ ಎಂದೇ ಹೇಳುತ್ತಾನಲ್ಲ? ಇದು ರಿಸರ್ವ್ ಬ್ಯಾಂಕಿನವರಿಗೂ ಗೊತ್ತು. ಅದಕ್ಕೇ ಅಗತ್ಯದ ಖರ್ಚನ್ನೂ ಅಗತ್ಯವಲ್ಲದ ಖರ್ಚನ್ನೂ ಬೇರೆ ಬೇರೆಯಾಗಿ ಕೇಳಿ ಬರೆದಿರುತ್ತಾರೆ. ನೀನು ಓದಬೇಕಾದ್ದು ಆ ಎರಡನೆಯ ಸಾಲು. ಹೋಟೆಲು, ಸಿನಿಮಾ, ಪ್ರವಾಸ ಕಡಿತ ಮಾಡಿದ್ದೇವೆ ಎನ್ನುವವರು ಹೆಚ್ಚುತ್ತಿದ್ದರೆ, ಒಟ್ಟು ಖರ್ಚು ಎಷ್ಟೇ ಏರಿರಲಿ, ಅದು ಸಂಕಟದ ಏರಿಕೆ.

ಉಳಿದವು ಮೂರು: ಪರಿಸ್ಥಿತಿ, ಉದ್ಯೋಗ, ಆದಾಯ. ಸೂಚ್ಯಂಕವನ್ನು ಏರಿಳಿಸುವುದು ಮುಖ್ಯವಾಗಿ ಇವೇ. ಇವುಗಳಲ್ಲೂ ಆದಾಯದ ಸಾಲನ್ನು ನಾನು ಹೆಚ್ಚು ನಂಬುತ್ತೇನೆ. ಜನ ದೇಶದ ಪರಿಸ್ಥಿತಿಯನ್ನು ಟೀವಿ ನೋಡಿ ಹೇಳುತ್ತಾರೆ, ಮನೆಯ ಆದಾಯವನ್ನು ಪಾಸ್‌ಬುಕ್ ನೋಡಿ ಹೇಳುತ್ತಾರೆ.

ಇನ್ನು ಜನರ ಸ್ವಭಾವ. ಪುಸ್ತಕಕ್ಕಿಂತ ಅಂಗಡಿಯೇ ಇದನ್ನು ಚೆನ್ನಾಗಿ ಕಲಿಸುತ್ತದೆ. ನಮ್ಮಲ್ಲಿಗೆ ಒಬ್ಬ ಮೇಷ್ಟ್ರು ಬರುತ್ತಿದ್ದರು. ಚೀಲ ಕೆಳಗಿಡುವ ಮುಂಚೆಯೇ ‘ಕಾಲ ಕೆಟ್ಟೋಯ್ತು ಸಾವ್ಕಾರ್ರೇ’ ಎಂದು ಶುರು. ಸಕ್ಕರೆ ರೇಟಿಗೆ ಗೊಣಗು, ಸರ್ಕಾರಕ್ಕೆ ಬೈಗುಳ, ಮಳೆಗೂ ಬೈಗುಳ. ಚೀಟಿ ಬಿಚ್ಚಿದರೆ ಗೋಡಂಬಿ, ಏಲಕ್ಕಿ, ಒಳ್ಳೆಯ ಕಾಫಿಪುಡಿ ಒಂದೂ ತಪ್ಪಿರುತ್ತಿರಲಿಲ್ಲ. ಒಂದನೇ ತಾರೀಕು ಬಂತೆಂದರೆ ಬಾಕಿ ಪೂರಾ ಚುಕ್ತಾ. ಇನ್ನೊಬ್ಬ ಹುಡುಗ, ನಿನ್ನದೇ ವಯಸ್ಸಿನವನು. ಬೈಕು ನಿಲ್ಲಿಸುತ್ತಲೇ ‘ಬಿಸಿನೆಸ್ ಬೊಂಬಾಟ್ ಅಣ್ಣ’ ಎನ್ನುತ್ತಿದ್ದ. ಸಾಮಾನು ಕೈಗೆ ಬಂದ ಮೇಲೆ ದನಿ ತಗ್ಗಿಸಿ ‘ಇದನ್ನ ಬರ್ಕೊಂಡಿರಿ, ಸೋಮವಾರ ಕೊಡ್ತೀನಿ’ ಎನ್ನುತ್ತಿದ್ದ. ಎಷ್ಟೋ ಸೋಮವಾರ ಹೋಗುತ್ತಿದ್ದವು.

ಮೂರನೆಯವರು ಒಬ್ಬ ಹೆಣ್ಣುಮಗಳು. ‘ಹೇಗಿದ್ದೀರಮ್ಮ’ ಎಂದರೆ ‘ದೇವರ ದಯೆ, ಚೆನ್ನಾಗಿದ್ದೀವಿ’ ಎಂಬ ಒಂದೇ ಉತ್ತರ. ಆದರೆ ತಿಂಗಳ ಸಾಮಾನು ವಾರದ ಸಾಮಾನಾಯಿತು, ವಾರದ್ದು ದಿನದ್ದಾಯಿತು. ಎಣ್ಣೆಯ ಲೀಟರ್ ಪ್ಯಾಕೆಟ್ಟು ಅರ್ಧ ಲೀಟರಾಯಿತು. ಶಾಂಪೂ ಬಾಟಲಿ ಹೋಗಿ ಒಂದು ರೂಪಾಯಿ ಪೊಟ್ಟಣ ಬಂತು. ತೊಗರಿಬೇಳೆ ಕಾಲು ಕಿಲೋಗೆ ಇಳಿಯಿತು. ಮನೆಯ ಕಷ್ಟ ಬಾಯಲ್ಲಿ ಬರಲಿಲ್ಲ, ಚೀಟಿಯಲ್ಲಿ ಬಂತು.

ಸಮೀಕ್ಷೆಯವರು ಈ ಮೂವರ ಮನೆಗೂ ಹೋಗುತ್ತಾರೆ ಅಂದುಕೋ. ಮೇಷ್ಟ್ರು ಕೆಟ್ಟಿದೆ ಎನ್ನುತ್ತಾರೆ, ಹುಡುಗ ಸೂಪರ್ ಎನ್ನುತ್ತಾನೆ, ಆ ತಾಯಿ ಹಾಗೇ ಇದೆ ಎನ್ನುತ್ತಾಳೆ. ಮೂರೂ ಉತ್ತರ ಬದುಕಿಗೆ ಒಂದಿಷ್ಟು ದೂರವೇ. ಹಾಗಾದರೆ ಸಮೀಕ್ಷೆ ಸುಳ್ಳೇ? ಅಲ್ಲಪ್ಪ, ಇಲ್ಲೇ ನೀನು ಎಡವುವುದು. ಗೊಣಗುವವರು ಪ್ರತಿ ಸುತ್ತಿನಲ್ಲೂ ಅಷ್ಟೇ ಇರುತ್ತಾರೆ, ಕೊಚ್ಚಿಕೊಳ್ಳುವವರೂ ಅಷ್ಟೇ ಇರುತ್ತಾರೆ. ಅವರಿಂದ ಸಂಖ್ಯೆ ಅಲುಗುವುದಿಲ್ಲ. ಎಂದೂ ಗೊಣಗದವರು ಗೊಣಗತೊಡಗಿದಾಗ ಅದು ಅಲುಗುತ್ತದೆ. ಆದ್ದರಿಂದ ಒಂದು ಸಲದ ಸಂಖ್ಯೆ ಹಿಡಿದು ಕುಣಿಯಬೇಡ. ಸುತ್ತಿನಿಂದ ಸುತ್ತಿಗೆ ಅದು ಯಾವ ಕಡೆ ಹೋಗುತ್ತಿದೆ, ಎಷ್ಟು ದಿನದಿಂದ ಹೋಗುತ್ತಿದೆ ಎಂದು ನೋಡು.

ಹಾಗೆ ನೋಡಿದವರಿಗೆ 2019ರ ಕುಸಿತ ಮುಂಚೆಯೇ ತಿಳಿದಿರುತ್ತಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಸದ್ಯದ ಸೂಚ್ಯಂಕ 104.6 ಇತ್ತು. ಸೆಪ್ಟೆಂಬರ್‌ಗೆ 89.4, ನವೆಂಬರ್‌ಗೆ 85.7. ಕೊರೊನಾದ ಹೆಸರೂ ಆಗ ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮಾತ್ರ ಅಲ್ಲ, ಕೈಯೂ ಅದನ್ನೇ ಹೇಳುತ್ತಿತ್ತು. ಆಗಸ್ಟ್‌ನಲ್ಲಿ ಕಾರುಗಳ ಮಾರಾಟ ಹಿಂದಿನ ವರ್ಷಕ್ಕಿಂತ ಶೇ 30ಕ್ಕೂ ಹೆಚ್ಚು ಬಿದ್ದಿತ್ತು. ಐದು ರೂಪಾಯಿ ಬಿಸ್ಕತ್ ಕೊಳ್ಳಲೂ ಜನ ಹಿಂದೆಮುಂದೆ ನೋಡುತ್ತಿದ್ದಾರೆ ಎಂದು ಬಿಸ್ಕತ್ ಕಂಪನಿಯವರೇ ಹೇಳಿದ್ದರು. ರಿಸರ್ವ್ ಬ್ಯಾಂಕ್ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ರೆಪೊ ಬಡ್ಡಿದರವನ್ನು ಶೇ 6.50ರಿಂದ 5.15ಕ್ಕೆ ಇಳಿಸಿತು. ಆ ಹಣಕಾಸು ವರ್ಷದ ಬೆಳವಣಿಗೆ ಶೇ 4ರ ಆಸುಪಾಸಿಗೆ ಬಂದು ನಿಂತಿತು. ಬಾಯಿ, ಕೈ ಎರಡೂ ಒಂದೇ ಮಾತು ಹೇಳಿದರೆ ಅದನ್ನು ನಂಬು, ಎಚ್ಚರಗೊಳ್ಳು.

ಒಂದೇ ಮಾತು ಹೇಳದಿದ್ದರೆ? ಅದಕ್ಕೆ ಅಮೆರಿಕದ ಕಡೆ ನೋಡು. ಜನರ ವಿಶ್ವಾಸ ಅಳೆಯುವ ಈ ಕೆಲಸವನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವರು ಅಲ್ಲಿಯವರೇ. ಹಂಗೇರಿಯಲ್ಲಿ ಹುಟ್ಟಿದ ಜಾರ್ಜ್ ಕಟೋನಾ ಎಂಬ ಮನಶ್ಶಾಸ್ತ್ರಜ್ಞ ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಟ್ಟಿದರು. ಯುದ್ಧ ಮುಗಿದರೆ ದೇಶ ಮತ್ತೆ ಹಳೆಯ ಮಹಾ ಕುಸಿತಕ್ಕೇ ಜಾರುತ್ತದೆ ಎಂದು ಅನೇಕ ಅರ್ಥಶಾಸ್ತ್ರಜ್ಞರು ಹೆದರಿದ್ದರು. ಕಟೋನಾ ಜನರನ್ನೇ ಕೇಳಿ, ಇಲ್ಲ, ಇವರು ಕೊಳ್ಳುವ ಹುಮ್ಮಸ್ಸಿನಲ್ಲಿದ್ದಾರೆ ಎಂದರು. ಅವರು ಹೇಳಿದಂತೆಯೇ ಆಯಿತು. ಕೊಳ್ಳಲು ಕೈಯಲ್ಲಿ ದುಡ್ಡಿದ್ದರೆ ಸಾಲದು, ಕೊಳ್ಳುವ ಮನಸ್ಸೂ ಬೇಕು ಎಂಬುದು ಅವರ ಮೂಲ ವಿಚಾರ. ನಮ್ಮ ದೇಶದ ಜಿಡಿಪಿಯಲ್ಲೂ ಐದರಲ್ಲಿ ಸುಮಾರು ಮೂರು ಪಾಲು ಮನೆಮನೆಯ ಖರ್ಚೇ. ಆ ಮನಸ್ಸು ಕುಗ್ಗಿದರೆ ಅಂಗಡಿ ಕುಗ್ಗುತ್ತದೆ, ಅಂಗಡಿ ಕುಗ್ಗಿದರೆ ಕಾರ್ಖಾನೆ ಕುಗ್ಗುತ್ತದೆ. ಸರ್ಕಾರಗಳು, ಬ್ಯಾಂಕುಗಳು ಜನರ ಮನಸ್ಸನ್ನು ಇಷ್ಟು ಶ್ರದ್ಧೆಯಿಂದ ಕೇಳುವುದು ಇದಕ್ಕೇ.

ಅದೇ ಮಿಷಿಗನ್ ಸೂಚ್ಯಂಕ 2022ರ ಜೂನ್‌ನಲ್ಲಿ 50ಕ್ಕೆ ಬಿತ್ತು. ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಕೆಳಗಿನ ಮಟ್ಟ. ಹಣದುಬ್ಬರ ಶೇ 9.1, ನಲವತ್ತು ವರ್ಷಗಳಲ್ಲಿ ಕಾಣದ್ದು. ಒಂದು ಗ್ಯಾಲನ್ ಪೆಟ್ರೋಲು ಐದು ಡಾಲರ್. ಜನ ರೋಸಿಹೋಗಿದ್ದರು. ಆದರೆ ನಿರುದ್ಯೋಗ ಶೇ 3.6 ಮಾತ್ರ ಇತ್ತು, ಸಂಬಳ ಬರುತ್ತಿತ್ತು, ಖರೀದಿಯೂ ನಡೆಯುತ್ತಲೇ ಇತ್ತು. ಎಲ್ಲರೂ ಹೆದರಿದ್ದ ಹಿಂಜರಿತ ಬರಲಿಲ್ಲ. ನಮ್ಮ ಮೇಷ್ಟ್ರ ಸ್ವಭಾವವೇ ಒಂದು ದೇಶಕ್ಕೆ ಬಂದಿತ್ತು. ಅಲ್ಲಿ ಇನ್ನೊಂದು ಸಂಗತಿಯನ್ನೂ ಕಂಡುಕೊಂಡಿದ್ದಾರೆ. ಅಧ್ಯಕ್ಷರ ಪಕ್ಷ ಬದಲಾದ ಕೂಡಲೇ ಗೆದ್ದ ಪಕ್ಷದವರ ವಿಶ್ವಾಸ ಏರುತ್ತದೆ, ಸೋತ ಪಕ್ಷದವರದು ಇಳಿಯುತ್ತದೆ. ಸಂಬಳ ಅದೇ, ಬಾಡಿಗೆ ಅದೇ, ಅಕ್ಕಪಕ್ಕದ ಮನೆಯೂ ಅದೇ. ನಿನ್ನ ವಾಟ್ಸ್ಆ್ಯಪ್ ಗುಂಪಿನಲ್ಲಿ ದೇಶ ಮುಳುಗಿತು ಎನ್ನುವವರೂ ದೇಶ ಹಾರಿತು ಎನ್ನುವವರೂ ಯಾವ ಪಕ್ಷಕ್ಕೆ ಓಟು ಹಾಕಿದವರು ಎಂದು ಒಮ್ಮೆ ಯೋಚಿಸು. ನೀನು ಯಾವ ಕಡೆಯವನು ಎಂಬುದನ್ನೂ ಯೋಚಿಸು.

ಮುಂದಿನ ವರ್ಷದ ಸೂಚ್ಯಂಕದ ಬಗ್ಗೆ ಒಂದು ಮಾತು. ಅದು ಸಾಮಾನ್ಯವಾಗಿ ಸದ್ಯದ ಸೂಚ್ಯಂಕಕ್ಕಿಂತ ಮೇಲೇ ಇರುತ್ತದೆ. ಈ ವರ್ಷ ಕಷ್ಟ, ಬರುವ ವರ್ಷ ಸರಿಹೋಗುತ್ತದೆ ಎನ್ನುವುದು ನಮ್ಮ ಜನರ ಗುಣ. ಆ ಭರವಸೆ ಇಲ್ಲದೆ ಮಕ್ಕಳನ್ನು ಓದಿಸಲಾಗುವುದಿಲ್ಲ, ಮನೆ ಕಟ್ಟಲಾಗುವುದಿಲ್ಲ. ಹಾಗಾಗಿ ಅದು ಮೇಲಿದೆ ಎಂದು ಹಿಗ್ಗಬೇಡ, ಕೆಳಗಿಳಿದರೆ ಮಾತ್ರ ಬೆಚ್ಚು. 2021ರ ಮೇ ತಿಂಗಳು ನೆನಪಿದೆಯಲ್ಲ, ಕೊರೊನಾದ ಎರಡನೇ ಅಲೆ? ಸದ್ಯದ ಸೂಚ್ಯಂಕ 48.5ಕ್ಕೆ ಬಿದ್ದಿತ್ತು, ಸಮೀಕ್ಷೆ ಶುರುವಾದಾಗಿನಿಂದ ಅಷ್ಟು ಕೆಳಕ್ಕೆ ಅದು ಇಳಿದಿರಲಿಲ್ಲ. ಮುಂದಿನ ವರ್ಷದ ಸೂಚ್ಯಂಕವೂ 100 ಬಿಟ್ಟು 96.4ಕ್ಕೆ ಬಂತು. ಜನರಿಗೆ ನಾಳೆಯ ಮೇಲೂ ನಂಬಿಕೆ ಹೋಗಿತ್ತು. ಜುಲೈ ಹೊತ್ತಿಗೆ ಸದ್ಯದ್ದು ಅಲ್ಲೇ ಇತ್ತು, 48.6. ನಾಳೆಯದು ಮಾತ್ರ 104ಕ್ಕೆ ಎದ್ದು ಕೂತಿತ್ತು. ನಮ್ಮ ಜನರ ಗಟ್ಟಿತನ ಅದು.

ಆದರೆ ಎದ್ದ ಮೇಲೆ ನಡೆಯಲು ಬಹಳ ಕಾಲ ಹಿಡಿಯಿತು. ದೇಶದ ಒಟ್ಟು ಉತ್ಪನ್ನ 2021–22ರಲ್ಲೇ ಕೊರೊನಾಕ್ಕಿಂತ ಮುಂಚಿನ ಮಟ್ಟ ದಾಟಿತು. ಜನರ ಮನಸ್ಸು ದಾಟಲಿಲ್ಲ. 2024ರ ಮಾರ್ಚ್‌ನಲ್ಲೂ ಸದ್ಯದ ಸೂಚ್ಯಂಕ 98.5 ಇತ್ತು, ನೂರನ್ನು ಇನ್ನೂ ಮುಟ್ಟಿರಲಿಲ್ಲ. ಜಿಡಿಪಿ ಒಟ್ಟು ಎಷ್ಟು ಬೆಳೆಯಿತು ಎಂದು ಹೇಳುತ್ತದೆ. ಅದು ಯಾರ ಮನೆಗೆ ತಲುಪಿತು ಎಂದು ಹೇಳುವುದಿಲ್ಲ. ತಲುಪದ ಮನೆಗಳ ಸುಳಿವು ಇಂಥ ಸಮೀಕ್ಷೆಯಲ್ಲೇ ಸಿಗುವುದು. ಬೆಳವಣಿಗೆಯ ಅಂಕಿ ಹಿಡಿದು ಯಾರಾದರೂ ‘ಎಲ್ಲಾ ಚೆನ್ನಾಗಿದೆ’ ಎಂದರೆ ಈ ಅಂಕಿಯನ್ನೂ ಪಕ್ಕದಲ್ಲಿಡು.

ಇನ್ನೊಂದು ಎಚ್ಚರಿಕೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಅದು ಆ ಪಾತ್ರೆಯ ಸುದ್ದಿ ಮಾತ್ರ, ಪಕ್ಕದ ಒಲೆಯ ಮೇಲಿನ ಪಾತ್ರೆಯದಲ್ಲ. ಆರು ಸಾವಿರ ಜನ ಕಡಿಮೆಯಾಯಿತು ಎಂದು ನೀನು ಮೂಗು ಮುರಿಯುತ್ತೀಯ; ಕ್ರಮವಾಗಿ ಆರಿಸಿದ್ದರೆ ಅಷ್ಟು ಸಾಕು. ನೀನು ಕೇಳಬೇಕಾದ್ದು ಅವರು ಯಾವ ಊರಿನವರು ಎಂದು. ಆ 19 ನಗರಗಳಲ್ಲಿ ನಮ್ಮ ರಾಜ್ಯದ್ದು ಬೆಂಗಳೂರು ಒಂದೇ. ಹುಬ್ಬಳ್ಳಿ ಇಲ್ಲ, ಕಲಬುರಗಿ ಇಲ್ಲ, ಮಂಗಳೂರೂ ಇಲ್ಲ. ನಮ್ಮ ತಿಪಟೂರಿನ ಕಥೆ ತಗೋ. 2023ರಲ್ಲಿ ನಗರಗಳ ಸೂಚ್ಯಂಕ ಮೆಲ್ಲಗೆ ಏರುತ್ತಿತ್ತು. ಇಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ. ರೈತರು ಬೀದಿಗಿಳಿದಿದ್ದರು. ಕೊಬ್ಬರಿ ಬಿದ್ದರೆ ಇಲ್ಲಿ ಬಟ್ಟೆ ಅಂಗಡಿ ಬೀಳುತ್ತದೆ, ಚಿನ್ನದಂಗಡಿ ಬೀಳುತ್ತದೆ, ಮದುವೆ ಛತ್ರವೂ ಖಾಲಿ ಹೊಡೆಯುತ್ತದೆ. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಬೆಂಗಳೂರಿನವರ ಮನಸ್ಸು ಕೇಳಿ ತಿಪಟೂರಿನ ವ್ಯಾಪಾರ ಅಳೆಯಲು ಹೋದರೆ ಎರಡು ಸಲವೂ ತಪ್ಪುತ್ತಿದ್ದೆ. ಈಗ ರಿಸರ್ವ್ ಬ್ಯಾಂಕಿನವರು ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಸಮೀಕ್ಷೆಯನ್ನೂ ಬೇರೆಯಾಗಿ ಪ್ರಕಟಿಸುತ್ತಿದ್ದಾರೆ. ಒಳ್ಳೆಯ ಕೆಲಸ. ಎರಡನ್ನೂ ಓದು.

ಇಷ್ಟೆಲ್ಲ ಹೇಳಿದ್ದು ನಿನ್ನನ್ನು ಪಂಡಿತನನ್ನಾಗಿ ಮಾಡಲು ಅಲ್ಲ. ನಿನ್ನ ಮನೆಯ ತೀರ್ಮಾನವನ್ನು ದೇಶದ ಮನಸ್ಸಿಗೆ ಒಪ್ಪಿಸಬೇಡ ಎಂದು ಹೇಳಲು. ಸೂಚ್ಯಂಕ ಏರಿತೆಂದು ಕಾರಿನ ಸಾಲ ಮಾಡುತ್ತೀಯ. ಅದು ಇಳಿದಾಗ ಕಂತು ಇಳಿಯುತ್ತದೆಯೇ? ಇಲ್ಲ, ಐದು ವರ್ಷ ಅಷ್ಟೇ ಇರುತ್ತದೆ. ಸೂಚ್ಯಂಕ ಬಿತ್ತೆಂದು ಕಟ್ಟುತ್ತಿದ್ದ ಉಳಿತಾಯ ನಿಲ್ಲಿಸುತ್ತೀಯ. ಅದು ಎದ್ದಾಗ ಕಳೆದ ತಿಂಗಳುಗಳು ವಾಪಸ್ ಬರುತ್ತವೆಯೇ? ಅವೂ ಇಲ್ಲ. ಸಮೀಕ್ಷೆ ಸರ್ಕಾರಕ್ಕೆ, ಬ್ಯಾಂಕಿಗೆ, ವ್ಯಾಪಾರಿಗೆ ದಾರಿ ತೋರಿಸಲು ಇರುವುದು. ನಿನಗೆ ಅದು ಹವಾ ಹೇಗಿದೆ ಎಂದು ತಿಳಿಸುತ್ತದೆ, ಅಷ್ಟೇ.

ಹಾಗಾಗಿ ಅದೇ ಐದು ಪ್ರಶ್ನೆಗಳನ್ನು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನಿನಗೆ ನೀನೇ ಕೇಳಿಕೋ. ನಾನು ಕೆಲಸ ಮಾಡುವ ಕಡೆ ಪರಿಸ್ಥಿತಿ ಹೇಗಿದೆ? ಈ ಕೆಲಸ ಹೋದರೆ ಇನ್ನೊಂದು ಎಷ್ಟು ದಿನದಲ್ಲಿ ಸಿಕ್ಕೀತು? ಮನೆಗೆ ಬೇಕಾದ ಸಾಮಾನಿನ ಬೆಲೆ ಎಷ್ಟು ಏರಿದೆ? ಆದಾಯ ಅಷ್ಟೇ ಏರಿದೆಯೇ? ಹೆಚ್ಚಿದ ಖರ್ಚಿನಲ್ಲಿ ಅಗತ್ಯದ್ದು ಎಷ್ಟು, ತೆವಲಿನದು ಎಷ್ಟು? ಉತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಆರು ತಿಂಗಳ ಮನೆಖರ್ಚು ಕೈಯಲ್ಲಿದ್ದು, ಕಂತು ಕಟ್ಟಿದ ಮೇಲೂ ಉಳಿತಾಯ ನಿಲ್ಲದಿದ್ದರೆ ಕಾರು ತಗೋ, ನಾನೇ ಮುಂದೆ ನಿಂತು ಪೂಜೆ ಮಾಡಿಸುತ್ತೇನೆ. ಇಲ್ಲದಿದ್ದರೆ ದೇಶದ ಸೂಚ್ಯಂಕ ನೂರೈವತ್ತಕ್ಕೆ ಹೋದರೂ ತಗೋಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೊನೆಗೆ ಒಂದೇ ಮಾತು. ಬೆಂಗಳೂರಿನಲ್ಲಿದ್ದೀಯ, ಒಂದಲ್ಲ ಒಂದು ದಿನ ಇಂಥ ಸಮೀಕ್ಷೆಯವರು ನಿನ್ನ ಮನೆ ಬಾಗಿಲು ತಟ್ಟಬಹುದು. ಗುರುತಿನ ಚೀಟಿ ನೋಡು. ಬ್ಯಾಂಕ್ ಖಾತೆಯ ನಂಬರು, ಓಟಿಪಿ ಕೇಳಿದರೆ ಅವರು ಸಮೀಕ್ಷೆಯವರಲ್ಲ, ಬಾಗಿಲು ಹಾಕು. ನಿಜವಾದವರಾದರೆ ಟೈಮಿಲ್ಲ ಎಂದು ಅಟ್ಟಬೇಡ. ಬಿಸಿಲಲ್ಲಿ ಮನೆಮನೆ ಅಲೆದು ಬಂದಿರುತ್ತಾರೆ, ಕುಡಿಯಲು ನೀರು ಕೊಟ್ಟು ಕೂರಿಸು. ಪಕ್ಷದ ಮಾತು ಹೇಳಬೇಡ, ಟೀವಿಯ ಮಾತು ಹೇಳಬೇಡ, ಜಂಬಕ್ಕೂ ಹೇಳಬೇಡ, ಕೊರಗಿಗೂ ಹೇಳಬೇಡ. ನಿನ್ನ ಮನೆಯಲ್ಲಿ ಇರುವುದನ್ನು ಇರುವ ಹಾಗೆ ಹೇಳು. ನೀನು ಸರಿಯಾಗಿ ಹೇಳಿದರೆ ಮಾತ್ರ ದೇಶದ ಲೆಕ್ಕ ಸರಿಯಾಗುವುದು.